151ರಲ್ಲಿ ನಿಂತ ಬಂಡಿ

ಯುಗಾದಿ ಕೂಟದ ಊಟದ ಸಾಲಿನಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರು ಮೆಲ್ಲಗೆ ಕೇಳಿದರು: "ನೀವಿಬ್ಬರೂ ಮೇಷ್ಟ್ರಾಗಿದ್ದವರಂತೆ. ಜಿ.ಆರ್.ಇ. ವರ್ಬಲ್‌ಗೆ ಏನಾದರೂ ದಾರಿ ಉಂಟೇ?" ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ, ಎಚ್-4 ವೀಸಾದಲ್ಲಿ ಬಂದವರು. ಎಂ.ಎಸ್. ಮಾಡುವ ಆಸೆ. ಗಣಿತದಲ್ಲಿ 166 ಬರುತ್ತಿತ್ತು. ವರ್ಬಲ್‌ನಲ್ಲಿ ಮಾತ್ರ ಮೂರು ಮಾದರಿ ಪರೀಕ್ಷೆಗಳಲ್ಲೂ 151. ಈ ಪರೀಕ್ಷೆಯನ್ನೇ ಕೇಳದ ವಿಶ್ವವಿದ್ಯಾನಿಲಯಗಳು ಈಗ ಎಷ್ಟೋ ಇವೆ; ಆದರೆ ಎರಡು ವರ್ಷದ ಮಗುವನ್ನು ಬಿಟ್ಟು ದಿನಾ ಹೋಗಿಬರುವಷ್ಟು ಹತ್ತಿರವಿರುವುದು ಒಂದೇ, ಅಲ್ಲಿ ಕೇಳುತ್ತಾರೆ.

ಮುಂದಿನ ಭಾನುವಾರ ಆಕೆ ಚಕ್ಕುಲಿ ಡಬ್ಬದ ತುಂಬ ಪದಗಳ ಚೀಟಿ ತಂದರು. ನಾವೂ ಹುರುಪಿನಿಂದ ಹಳೆಯ ಪದಪಟ್ಟಿ ಹುಡುಕಿ ಇನ್ನೂರು ಚೀಟಿ ಸೇರಿಸಿದೆವು. ಇದು ನಮ್ಮದೇ ತಪ್ಪು. ನಾವು ಬರೆದ ಕಾಲದಲ್ಲಿ ವಿರುದ್ಧಪದದ ಪ್ರಶ್ನೆಗಳಿದ್ದವು, ಪಟ್ಟಿ ಉರುಹೊಡೆದರೆ ನಡೆಯುತ್ತಿತ್ತು. 2011ರ ಆಗಸ್ಟ್‌ನಲ್ಲಿ ಅವು ಹೋದವು. 200ರಿಂದ 800ರವರೆಗೆ ಇದ್ದ ಅಂಕವೂ 130ರಿಂದ 170ಕ್ಕೆ ಬದಲಾಯಿತು. ಒಂದು ತಿಂಗಳು ಕಳೆದು ನೋಡಿದರೆ ಮತ್ತೆ 151! ಆಕೆಯ ಕಣ್ಣಲ್ಲಿ ನೀರು, ನಮಗೆ ನಾಚಿಕೆ.

ಆಮೇಲೆ ಚೀಟಿಗಳನ್ನು ಬದಿಗಿಟ್ಟು, ತಪ್ಪಾದ ಒಂದೊಂದು ಉತ್ತರವನ್ನೂ ಏಕೆ ಆರಿಸಿದಿರಿ ಎಂದು ಕನ್ನಡದಲ್ಲೇ ಹೇಳಿಸಿದೆವು. "ಕಿವಿಗೆ ಸರಿ ಅನ್ನಿಸಿತು" ಎಂದರು. ಹತ್ತು ಸಲ ಕೇಳಿದರೂ ಅದೇ ಮಾತು. ರೋಗ ಸಿಕ್ಕಿತು. ತಿಳಿಯದ ಪದಗಳಿಗಿಂತ ತಿಳಿದಿದೆ ಎಂದುಕೊಂಡ ಪದಗಳೇ ಹೆಚ್ಚು ಕೆಡಿಸಿದ್ದವು. 'ಕ್ವಾಲಿಫೈಡ್' ಹೊಗಳಿಕೆ ಎಂದಾಗ ಆಕೆಗೆ ಅರ್ಹತೆಯ ನೆನಪು, ಅಲ್ಲಿ ಅರ್ಥ "ಚೆನ್ನಾಗಿದೆ, ಆದರೆ..." ಎನ್ನುವ ಜಾತಿಯ ಹೊಗಳಿಕೆ. 'ಸ್ಯಾಂಕ್ಷನ್' ಎಂದರೆ ನಮ್ಮೂರಲ್ಲಿ ಬ್ಯಾಂಕಿನ ಸಾಲ ಮಂಜೂರಾದದ್ದು. ಒಂದು ದೇಶದ ಮೇಲೆ ಹೇರುವ ನಿರ್ಬಂಧಕ್ಕೂ ಅದೇ ಪದ. 'ಆರ್ಟ್‌ಲೆಸ್' ಎಂದರೆ ಕಪಟವಿಲ್ಲದವನೂ ಹೌದು.

ಅಂದಿನಿಂದ ಕ್ರಮ ಬದಲಾಯಿತು. ಉತ್ತರಗಳನ್ನು ಕೈಯಿಂದ ಮುಚ್ಚಿ, ಬಿಟ್ಟ ಸ್ಥಳಕ್ಕೆ ಮೊದಲು ಕನ್ನಡದ ಪದ ಹಾಕುವುದು, ಅದಕ್ಕೆ ಆಧಾರವಾದ ಮಾತನ್ನು ವಾಕ್ಯದಲ್ಲೇ ಬೆರಳಿಟ್ಟು ತೋರಿಸುವುದು. ಕೈ ತೆಗೆಯುವುದು ಆಮೇಲೆ. ಆರರಲ್ಲಿ ಎರಡು ಪದ ಆರಿಸುವ ಪ್ರಶ್ನೆಯಲ್ಲಿ ಎರಡೂ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. ಒಂದು ಪದ ಎಷ್ಟೇ ಚೆಂದ ಕೂತರೂ ಜೋಡಿ ಇಲ್ಲದಿದ್ದರೆ ಬಿಡಬೇಕು. ಗದ್ಯಭಾಗಗಳಲ್ಲಿ ಲೇಖಕ "ಕೆಲವರು" ಎಂದದ್ದನ್ನು ತಪ್ಪು ಉತ್ತರ "ಎಲ್ಲರೂ" ಮಾಡಿಬಿಡುತ್ತದೆ. ಇದನ್ನು ಕಂಡುಹಿಡಿದ ದಿನ ಆಕೆ, "ಅಯ್ಯೋ, ಇದು ನಮ್ಮತ್ತೆ ಊರ ಸುದ್ದಿ ಹೇಳೋ ಹಾಗಿದೆ!" ಎಂದು ನಕ್ಕರು. (ಅತ್ತೆಯವರು ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇವೆ.) ಪ್ರತಿ ತಪ್ಪಿಗೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಆರು ವಾರ ಮಾದರಿ ಪರೀಕ್ಷೆಯೇ ಬೇಡ ಎಂದೆವು. ಅದಕ್ಕೆ ಆಕೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು.

ಸಮಯದ ಮಾತೂ ಇದೆ. 2023ರ ಸೆಪ್ಟೆಂಬರಿನಿಂದ ವರ್ಬಲ್‌ನ ಮೊದಲ ಭಾಗದಲ್ಲಿ 12 ಪ್ರಶ್ನೆಗೆ 18 ನಿಮಿಷ, ಎರಡನೆಯದರಲ್ಲಿ 15ಕ್ಕೆ 23. ಮೊದಲನೆಯದು ಹೇಗಾಯಿತೆಂಬುದರ ಮೇಲೆ ಎರಡನೆಯದು ಸುಲಭವೋ ಕಷ್ಟವೋ ಆಗುತ್ತದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಬಿಡಬಾರದು. ಈಕೆ ಒಂದೇ ಗದ್ಯಭಾಗಕ್ಕೆ ಐದು ನಿಮಿಷ ಕೂರುತ್ತಿದ್ದರು. ಗುರುತು ಹಾಕಿ ಮುಂದೆ ಹೋಗಿ ಮತ್ತೆ ಬರುವ ಅಭ್ಯಾಸ ಮಾಡಿಸಿದೆವು.

ಆಗಸ್ಟಿನ ಪರೀಕ್ಷೆಯಲ್ಲಿ 157 ಬಂತು. ಪವಾಡವೇನಲ್ಲ, ಆಕೆ ಬಯಸಿದ್ದು 160. ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಈಗ ಇನ್ನಿಬ್ಬರು ಕೇಳಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಡಿಗೆಮನೆಯ ಮೇಜಿನಲ್ಲಿ ನಾಲ್ವರಿಗೆ ಜಾಗವಿದೆ. ಬರುವವರು ಹಿಂದಿನ ಸಲ ತಪ್ಪಾದ ಉತ್ತರಗಳನ್ನು ತನ್ನಿ. ಉಪ್ಪಿಟ್ಟು ನಮ್ಮದು.