ಕಿರು ಆಹಾರ ಉದ್ದಿಮೆ: ಯಾವ ಪ್ರಶ್ನೆಗೆ ಯಾರ ಸಲಹೆ?

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ದೇವಲಾಪುರ ಒಂದು ಹೋಬಳಿ ಕೇಂದ್ರ. ಈ ಭಾಗದ ಹೊಲಗಳಲ್ಲಿ ರಾಗಿ, ಹುರುಳಿ, ತೋಟಗಳಲ್ಲಿ ತೆಂಗು. ಅತ್ತ ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ನೀರಾವರಿ ಬಯಲಿನಲ್ಲಿ ಕಬ್ಬು, ಆಲೆಮನೆ. ರಾಗಿ ಹುರಿಹಿಟ್ಟು, ಕೊಬ್ಬರಿ ಚಟ್ನಿಪುಡಿ, ಹಪ್ಪಳ, ಬೆಲ್ಲದ ಚಿಕ್ಕಿಗೆ ಬೇಕಾದ ಕಚ್ಚಾವಸ್ತು ಕೈಗೆಟುಕುವಷ್ಟು ಸಮೀಪದಲ್ಲಿದೆ. ಮಾಡುವ ಕೈಗುಣಕ್ಕೂ ಕೊರತೆಯಿಲ್ಲ. ಆದರೂ ಇಂತಹ ಊರುಗಳಲ್ಲಿ ತಿನಿಸಿನ ಉದ್ದಿಮೆ ತೊಡಗಲು ಮುಂದಾಗುವ ಕುಟುಂಬ ಅಥವಾ ಸ್ವಸಹಾಯ ಗುಂಪು ಬಂಡವಾಳಕ್ಕಿಂತ ಮೊದಲು ಹುಡುಕಬೇಕಾಗಿರುವುದು ನಂಬಬಹುದಾದ ಮಾತನ್ನು.

ಸಲಹೆಗೇನೂ ಬರವಿಲ್ಲ. ನೆಂಟರು ರುಚಿಯನ್ನು ಹೊಗಳುತ್ತಾರೆ. ಯಂತ್ರ ಮಾರುವವರು ತಿಂಗಳ ಲಾಭವನ್ನು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸುತ್ತಾರೆ. ಮಧ್ಯವರ್ತಿಗಳು ಸಬ್ಸಿಡಿ ಕೊಡಿಸುವ ಭರವಸೆ ನೀಡುತ್ತಾರೆ. ಇವರೆಲ್ಲರೂ ಸುಳ್ಳು ಹೇಳುತ್ತಾರೆಂದು ಭಾವಿಸಬೇಕಿಲ್ಲ. ಆದರೆ ಒಬ್ಬರಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಮತ್ತೊಬ್ಬರಲ್ಲಿ ಕೇಳಿದಾಗ ತೊಡಕು ಆರಂಭವಾಗುತ್ತದೆ. ಯಾವುದೇ ಸಲಹೆಯನ್ನು ಸ್ವೀಕರಿಸುವ ಮುನ್ನ ಎರಡು ಸಂಗತಿಗಳನ್ನು ವಿಚಾರಿಸುವುದು ಒಳಿತು: ಈ ಮಾತಿನಿಂದ ಹೇಳಿದವರಿಗೆ ಏನು ಲಾಭ? ಮಾತು ತಪ್ಪಾದರೆ ನಷ್ಟ ಯಾರಿಗೆ?

2025ರ ಜುಲೈ ಕಲಿಸಿದ ಪಾಠ

ತಪ್ಪು ಸಲಹೆ ಎಷ್ಟು ಬೇಗ ಹರಡಬಲ್ಲದು ಎಂಬುದಕ್ಕೆ ರಾಜ್ಯದಲ್ಲೇ ಇತ್ತೀಚಿನ ನಿದರ್ಶನವಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರೂ ಸೇರಿದಂತೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಫಲಕಗಳು ಕೆಳಗಿಳಿದು, 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಅಂಗಡಿಯಿಂದ ಅಂಗಡಿಗೆ ಹಬ್ಬಿದ ಸಲಹೆ ಅದು.

ಆದರೆ ಜಿಎಸ್‌ಟಿ ಲೆಕ್ಕ ಹಣ ಬಂದ ದಾರಿಯನ್ನು ನೋಡುವುದಿಲ್ಲ, ಒಟ್ಟು ವಹಿವಾಟನ್ನು ನೋಡುತ್ತದೆ. ನಗದೂ ಅದರಲ್ಲಿ ಸೇರುತ್ತದೆ. ಆಗ ನೋಂದಣಿಗೆ ಅನ್ವಯವಾಗುತ್ತಿದ್ದ ವಾರ್ಷಿಕ ಮಿತಿ ಸರಕು ಮಾರಾಟಕ್ಕೆ 40 ಲಕ್ಷ ರೂ., ಸೇವೆಗೆ 20 ಲಕ್ಷ ರೂ. ತೆರಿಗೆ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಕಡ್ಡಾಯವಲ್ಲ. ಜೊತೆಗೆ ತೆರಿಗೆಗೆ ಒಳಪಡುವ ಸರಕನ್ನೂ ಇಟ್ಟುಕೊಂಡರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುತ್ತವೆ. ಇಷ್ಟನ್ನು ಮೊದಲೇ ತಿಳಿಸಿಕೊಡುವವರಿದ್ದರೆ ಅನೇಕರು ಗಾಬರಿಗೊಳ್ಳುವ ಪ್ರಮೇಯ ಬರುತ್ತಿರಲಿಲ್ಲ. ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂಬ ಭರವಸೆ ನೀಡಿ, ನೋಂದಣಿ ಮಾಡಿಸಿಕೊಳ್ಳುವಂತೆ ಸೂಚಿಸಿದ ಬಳಿಕ ಬಿಸಿ ತಣ್ಣಗಾಯಿತು. ತೆರಿಗೆಯ ಪ್ರಶ್ನೆಗೆ ಪಕ್ಕದ ಅಂಗಡಿಯವರಿಗಿಂತ ಇಲಾಖೆಯ ಸಹಾಯವಾಣಿ ಅಥವಾ ಲೆಕ್ಕಪರಿಶೋಧಕರು ಉತ್ತರಿಸುವುದು ಕ್ಷೇಮ.

ನೋಂದಣಿ: ನಿಯಮದ ಪ್ರಶ್ನೆ ಕಚೇರಿಗೆ

ಮನೆಯಲ್ಲೇ ತಯಾರಿಸಿ ಮಾರಿದರೂ ಆಹಾರ ಉದ್ದಿಮೆಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಬೇಕು. ಇದಕ್ಕೆ ಆಧಾರ 2006ರ ಕಾಯ್ದೆ ಮತ್ತು 2011ರ ನಿಯಮಾವಳಿ. ವಾರ್ಷಿಕ 12 ಲಕ್ಷ ರೂ.ವರೆಗಿನ ವಹಿವಾಟಿಗೆ ವರ್ಷಕ್ಕೆ 100 ರೂ. ಶುಲ್ಕದ ಸರಳ ನೋಂದಣಿಯನ್ನು 2011ರ ನಿಯಮಾವಳಿ ನಿಗದಿಪಡಿಸಿತ್ತು. ಮಿತಿ, ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಹಾಕುವ ದಿನದ ವಿವರವನ್ನು ಪ್ರಾಧಿಕಾರದ 'ಫಾಸ್ಕಾಸ್' ಜಾಲತಾಣದಲ್ಲಿ ಅಥವಾ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅಷ್ಟಾದರೆ, ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಯ ಮಾತಿನಲ್ಲಿ ಸರ್ಕಾರಿ ಶುಲ್ಕವೆಷ್ಟು, ಅವರ ಸ್ವಂತ ಕೂಲಿಯೆಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯೂ ಇದೆ. ಪೊಟ್ಟಣದ ಮೇಲಿನ 14 ಅಂಕಿಗಳ ಸಂಖ್ಯೆ ಉದ್ದಿಮೆ ನೋಂದಣಿಯಾಗಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಒಳಗಿನ ತಿನಿಸನ್ನು ಯಾರೋ ಪರೀಕ್ಷಿಸಿ ಒಪ್ಪಿದ್ದಾರೆ ಎಂದು ಅದರ ಅರ್ಥವಲ್ಲ.

ಬಾಳಿಕೆ: ತಿನಿಸಿನ ಪ್ರಶ್ನೆ ಪ್ರಯೋಗಾಲಯಕ್ಕೆ

'ನಮ್ಮ ಚಟ್ನಿಪುಡಿ ಎರಡು ತಿಂಗಳಾದರೂ ಕೆಡುವುದಿಲ್ಲ' ಎಂಬುದು ಅಡುಗೆಮನೆಯ ಅನುಭವ. ಮನೆಯ ಡಬ್ಬಿಯನ್ನು ದಿನವೂ ನೋಡುವವರಿದ್ದಾರೆ, ವಾಸನೆ ಬದಲಾದರೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸೇರಿ, ಬಿಸಿಲು ಬೀಳುವ ಅಂಗಡಿಯಲ್ಲಿ ತೂಗಾಡುವ ಪುಡಿಯ ಪಾಡು ಬೇರೆ. ಕೊಬ್ಬರಿಯ ಎಣ್ಣೆಯಂಶ ಗಾಳಿ, ಬೆಳಕು, ಶಾಖಕ್ಕೆ ಸಿಕ್ಕಿ ಕಮಟುತ್ತದೆ. ಮೊಳಕೆ ಕಟ್ಟಿದ ರಾಗಿ ಸರಿಯಾಗಿ ಒಣಗದಿದ್ದರೆ ಮಾಲ್ಟ್ ಪುಡಿಗೆ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಪೊಟ್ಟಣದ ಮೇಲೆ ಎಷ್ಟು ದಿನದ ಬಾಳಿಕೆ ಬರೆಯಬೇಕು ಎಂಬುದನ್ನು ಪರೀಕ್ಷೆಯೇ ನಿರ್ಧರಿಸಬೇಕು.

ಈ ವಿಷಯದಲ್ಲಿ ಮಂಡ್ಯ ಜಿಲ್ಲೆಯವರು ಅದೃಷ್ಟವಂತರು. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ನೆರೆಯ ಜಿಲ್ಲೆಯಲ್ಲೇ ಇದೆ. ಆಹಾರ ಪರೀಕ್ಷೆ, ಅಲ್ಪಾವಧಿ ತರಬೇತಿ, ತಂತ್ರಜ್ಞಾನ ವರ್ಗಾವಣೆ ಅಲ್ಲಿ ಲಭ್ಯ. ಇವುಗಳಿಗೆ ಶುಲ್ಕವುಂಟು. ಆದರೆ ಒಮ್ಮೆ ಮಾರುಕಟ್ಟೆಗೆ ಹೋದ ಸರಕು ಕೆಟ್ಟು ಹಿಂದಿರುಗಿದರೆ ಆಗುವ ನಷ್ಟದ ಮುಂದೆ ಅದು ದೊಡ್ಡದಲ್ಲ. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರಗಳೂ ವಿಚಾರಿಸಲು ತಕ್ಕ ತಾಣಗಳು.

ಅನುಭವಿಗಳ ಮಾತೂ ಸದಾ ಸರಿಯಿರಬೇಕೆಂದಿಲ್ಲ ಎಂಬುದಕ್ಕೆ ಜಿಲ್ಲೆಯ ಬೆಲ್ಲವೇ ಸಾಕ್ಷಿ. ಪಾಕಕ್ಕೆ 'ಹೈಡ್ರೋಸ್' ಬೆರೆಸಿದರೆ ಬೆಲ್ಲಕ್ಕೆ ಹೊಂಬಣ್ಣ ಬರುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ ಎಂಬ ಸಲಹೆ ಆಲೆಮನೆಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಆ ರಾಸಾಯನಿಕದ ಗಂಧಕಾಂಶ ಬೆಲ್ಲದಲ್ಲಿ ಉಳಿಯುತ್ತದೆ. ಬಣ್ಣದ ಸಲಹೆ ಕೊಟ್ಟವರು ಮಾದರಿ ಸಂಗ್ರಹಿಸುವ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ, ನಿಲ್ಲಬೇಕಾದವರು ತಯಾರಕರು. ಬೆಂಡೆಗಿಡದ ಲೋಳೆಯಿಂದ ಪಾಕದ ಕೊಳೆ ತೆಗೆಯುವ ಹಳೆಯ ಪದ್ಧತಿಯಲ್ಲಿ ಬೆಲ್ಲ ಕಂದಾಗಿಯೇ ಉಳಿದರೂ ಇಂತಹ ಅಪಾಯವಿಲ್ಲ.

ಸಾಲ, ಸಹಾಯಧನ: ದಲ್ಲಾಳಿ ಬೇಕಿಲ್ಲ

ಕೇಂದ್ರ ಸರ್ಕಾರ 2020ರ ಜೂನ್ 29ರಂದು ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ (ಪಿಎಂಎಫ್‌ಎಂಇ) ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವನ್ನು ಬ್ಯಾಂಕ್ ಸಾಲಕ್ಕೆ ಜೋಡಿಸಿತು. ಕರ್ನಾಟಕ ಇದಕ್ಕೆ ಶೇ 15 ಸೇರಿಸಿ, ಮೊತ್ತವನ್ನು ಶೇ 50ಕ್ಕೆ, ಗರಿಷ್ಠ 15 ಲಕ್ಷ ರೂ.ಗೆ ಏರಿಸಿತು. 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯಕ್ಕೆ ಬೆಲ್ಲ ಗೊತ್ತಾಯಿತು. ರಾಜ್ಯದಲ್ಲಿ ಇದರ ಹೊಣೆ ಹೊತ್ತಿದ್ದು ಕೆಪೆಕ್ ನಿಗಮ. 2025-26ರವರೆಗೆ ನಿಗದಿಯಾಗಿದ್ದ ಈ ಯೋಜನೆಯ ಮುಂದಿನ ಸ್ಥಿತಿಯನ್ನು ನಿಗಮ ಅಥವಾ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿಯೇ ಹೆಜ್ಜೆ ಇಡಬೇಕು.

ಈ ಯೋಜನೆಯ ವಿನ್ಯಾಸದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಅರ್ಜಿ, ಯೋಜನಾ ವರದಿ, ಪರವಾನಗಿಗಳಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ನೇಮಕ. ಅವರ ಸಂಭಾವನೆಯನ್ನು ಯೋಜನೆಯೇ ಭರಿಸುವ ವ್ಯವಸ್ಥೆಯಿತ್ತು: ಸಾಲ ಮಂಜೂರಾದ ಒಂದು ಪ್ರಕರಣಕ್ಕೆ 20 ಸಾವಿರ ರೂ. ಅದರಲ್ಲೂ ಅರ್ಧ ಮಂಜೂರಾತಿಯ ಬಳಿಕ, ಉಳಿದರ್ಧ ಘಟಕ ಅಗತ್ಯ ನೋಂದಣಿಗಳನ್ನು ಪಡೆದು ಕಾರ್ಯರೂಪಕ್ಕೆ ಬಂದ ಬಳಿಕ. ಅಂದರೆ ಉದ್ದಿಮೆ ನಿಂತರೆ ಮಾತ್ರ ಸಲಹೆಗಾರರಿಗೆ ಪೂರ್ಣ ಹಣ. ಮುಂಗಡ ಕೇಳುವ ದಲ್ಲಾಳಿಗೂ ಇವರಿಗೂ ಇರುವ ವ್ಯತ್ಯಾಸ ಇದೇ.

ಎರಡನೆಯದು, ಸಹಾಯಧನ ಕೈಗೆ ಬರುವ ನಗದಲ್ಲ. ಅದು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಉಳಿದು, ಮೂರು ವರ್ಷಗಳ ನಂತರ ಘಟಕ ನಡೆಯುತ್ತಿದ್ದು ಸಾಲದ ಖಾತೆ ಸುಸ್ಥಿತಿಯಲ್ಲಿದ್ದರೆ ಹೊಂದಾಣಿಕೆಯಾಗುತ್ತದೆ. 'ಅರ್ಧ ಹಣ ಉಚಿತ' ಎಂಬ ಮಾತು ನಂಬಿ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಂಡವರು ಅಲ್ಲಿಯವರೆಗೆ ಕಂತು ಕಟ್ಟಲೇಬೇಕು. ಯಂತ್ರದ ಬಗ್ಗೆ ಮಾರಾಟಗಾರರ ಮಾತಿಗಿಂತ, ಅದೇ ಯಂತ್ರವನ್ನು ವರ್ಷಕಾಲ ಓಡಿಸಿದವರ ಮಾತು ಮೇಲು. ವಿದ್ಯುತ್, ಬಿಡಿಭಾಗ, ರಿಪೇರಿಯ ವಿವರ ಅವರಿಂದಲೇ ತಿಳಿಯುತ್ತದೆ.

ಬೆಲೆ, ಗಿರಾಕಿ: ಮಾರುಕಟ್ಟೆಯೇ ಗುರು

ಹೊಸಬರು ಹೆಚ್ಚಾಗಿ ಎಡವುವುದು ತಮ್ಮ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ. ಒಂದು ಉದಾಹರಣೆ: ಒಂದು ಕಿಲೊ ಚಟ್ನಿಪುಡಿಗೆ ಸಾಮಗ್ರಿ 220 ರೂ., ಉರುವಲು ಮತ್ತು ವಿದ್ಯುತ್ 20, ಪೊಟ್ಟಣ ಹಾಗೂ ಲೇಬಲ್ 24, ಸಾಗಣೆ 16, ಒಟ್ಟು 280 ರೂ. ಎಂದಿಟ್ಟುಕೊಳ್ಳೋಣ. 400 ರೂ. ಬೆಲೆ ಇಟ್ಟರೆ 120 ರೂ. ಲಾಭವೆಂದು ತೋರುತ್ತದೆ. ಅಂಗಡಿಯವರು ಶೇ 20ರಷ್ಟು ಕಮಿಷನ್ ಹಿಡಿದರೆ ಕೈಗೆ ಬರುವುದು 320 ರೂ. ಉಳಿಯುವುದು 40 ರೂ. ಅದಕ್ಕೆ ಎರಡು ಗಂಟೆ ದುಡಿದಿದ್ದರೆ ಗಂಟೆಗೆ 20 ರೂ. ಕೂಲಿ! ಈ ಲೆಕ್ಕವನ್ನು ಕಲಿಸಿಕೊಡುವ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮತ್ತು ಅದರ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿಯೊಂದಿಗೆ ಉಚಿತ ತರಬೇತಿ ನೀಡುತ್ತವೆ.

ಗಿರಾಕಿಯ ವಿಷಯದಲ್ಲಿ ಮದ್ದೂರು ವಡೆಯ ಕಥೆ ಮನನೀಯ. 1917ರ ಸುಮಾರಿಗೆ ರಾಮಚಂದ್ರ ಬುದ್ಯ ಅವರು ಮದ್ದೂರು ರೈಲು ನಿಲ್ದಾಣದಲ್ಲಿ ಮಾರಲಾರಂಭಿಸಿದ ತಿನಿಸು ಅದು ಎಂಬುದು ಪ್ರಚಲಿತ ಇತಿಹಾಸ. ಬೇಗ ಬೇಯುವ, ದಾರಿಯಲ್ಲಿ ಕೆಡದ ತಿನಿಸು ರೈಲು ಪ್ರಯಾಣಿಕರಿಗೆ ಒಪ್ಪಿತು. ಅದೇ ಊರು 2023ರಲ್ಲಿ ಬೇರೊಂದು ಪಾಠವನ್ನೂ ಕಂಡಿತು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಆ ವರ್ಷದ ಮಾರ್ಚ್ 12ರಂದು ಉದ್ಘಾಟನೆಯಾದಾಗ ವಾಹನಗಳು ಬೈಪಾಸ್ ಹಿಡಿದು, ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಕುಗ್ಗಿತು. ರುಚಿಯೂ ಕೈಯೂ ಬದಲಾಗಿರಲಿಲ್ಲ, ಗಿರಾಕಿಯ ದಾರಿ ಬದಲಾಗಿತ್ತು. 'ಹೆದ್ದಾರಿ ಪಕ್ಕ ಜಾಗ ಹಿಡಿದರೆ ಸೋಲಿಲ್ಲ' ಎಂಬ ಸಲಹೆಗೂ ಅವಧಿಯಿರುತ್ತದೆ.

ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ, ನೋಂದಣಿ ಪಡೆದು, ಎರಡು ಮೂರು ತಿಂಗಳು ಸಣ್ಣ ಪ್ರಮಾಣದಲ್ಲಿ ಸಂತೆಯಲ್ಲೋ ಪೇಟೆಯ ಅಂಗಡಿಯಲ್ಲೋ ಮಾರಿ ನೋಡುವುದು ಜಾಣತನ. ಪುಕ್ಕಟೆ ರುಚಿ ನೋಡಿ ಹೊಗಳಿದವರ ಸಂಖ್ಯೆಗಿಂತ, ಹಣ ಕೊಟ್ಟು ಎರಡನೆಯ ಬಾರಿ ಕೊಂಡವರ ಸಂಖ್ಯೆಯನ್ನು ನೆಚ್ಚಬಹುದು. ಪಡೆದ ಪ್ರತಿ ಸಲಹೆಯನ್ನೂ ಹೇಳಿದವರ ಹೆಸರು, ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಯಾವ ಮಾತು ಹಳತಾಗಿದೆ, ಯಾವುದನ್ನು ಮತ್ತೆ ವಿಚಾರಿಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.