ತಿರುಗಾಟದಲ್ಲೇ ಪಾಠ

ಪಶ್ಚಿಮ ಫ್ರಾನ್ಸಿನ ವಾಂದೆ ಸೀಮೆಯಲ್ಲಿ ತಿರೆ ಎಂಬ ಸಣ್ಣ ಹಳ್ಳಿಯಿದೆ. ಅಮೆರಿಕದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆನಿಂತ ಹಾರ್ಪ್ಸಿಕಾರ್ಡ್ ವಾದಕ ವಿಲಿಯಂ ಕ್ರಿಸ್ಟಿ ಅಲ್ಲೊಂದು ಹಳೆಯ ಮನೆ ಕೊಂಡು ಸುತ್ತಲೂ ತೋಟ ಬೆಳೆಸಿದರು. 17-18ನೇ ಶತಮಾನದ ಸಂಗೀತಕ್ಕಾಗಿ ಅವರು 1979ರಲ್ಲಿ ಕಟ್ಟಿದ ತಂಡ ‘ಲೆಜಾರ್ ಫ್ಲೋರಿಸಾಂ’. ಎಳೆಯ ಗಾಯಕರಿಗೆಂದು ಆ ತಂಡ 2002ರಲ್ಲಿ ಶುರುಮಾಡಿದ್ದು ‘ಲ ಜಾರ್ದಾ ದೆ ವ್ವಾ’, ಅಂದರೆ ಕಂಠಗಳ ತೋಟ.

ಹೆಸರಿಗೆ ಅಕಾಡೆಮಿ, ಪಾಠವೆಲ್ಲ ಒಂದು ಪ್ರಯೋಗವನ್ನು ರಂಗಕ್ಕೆ ತರುವುದರಲ್ಲೇ. ಎರಡು ವರ್ಷಕ್ಕೊಮ್ಮೆ ಹಲವು ದೇಶಗಳವರ ಹಾಡು ಕೇಳಿ ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸುತ್ತಾರೆ. ಕ್ರಿಸ್ಟಿ ಮತ್ತು ಗಾಯಕ ಪಾಲ್ ಆಗ್ನ್ಯೂ ಕೆಲವು ವಾರ ತಾಲೀಮು ಮಾಡಿಸುತ್ತಾರೆ. ಆಮೇಲೆ ವಾದ್ಯವೃಂದದೊಂದಿಗೆ ದೇಶಾಂತರ ಸಂಚಾರ.

ಈ ಸಂಗೀತಕ್ಕೆ ಇಂಥ ತರಬೇತಿಯೇ ಯಾಕೆ? ಅದರ ಸ್ವರಲಿಪಿ ಅರ್ಧ ಹೇಳಿ ಸುಮ್ಮನಾಗುತ್ತದೆ. ಮಂದ್ರದ ಸಾಲಿಗೆ ಬರೀ ಅಂಕಿಗಳನ್ನು ಕೊಟ್ಟಿರುತ್ತಾರೆ. ಹಾರ್ಪ್ಸಿಕಾರ್ಡಿನವರು ಅದನ್ನು ನೋಡಿಕೊಂಡು ಅಲ್ಲೇ ಸ್ವರಮೇಳ ಕಟ್ಟಬೇಕು. ಸಂಯೋಜಕ ಹ್ಯಾಂಡೆಲ್ ಕಾಲದ ಏರಿಯಾಗಳಲ್ಲಿ, ಅಂದರೆ ಒಪೆರಾದ ಒಂಟಿ ಹಾಡುಗಳಲ್ಲಿ, ಮೊದಲ ಭಾಗ ಮತ್ತೆ ಬರುತ್ತದೆ. ಆಗ ಬರೆದದ್ದನ್ನಷ್ಟೇ ಹಾಡಿದರೆ ಸಪ್ಪೆ. ನಮ್ಮವರು ಸಂಗತಿ ಹಾಕುವ ಹಾಗೆ ಗಾಯಕರೇ ಅಲಂಕಾರ ಕೂಡಿಸಬೇಕು. ಕೋಣೆಯಲ್ಲಿ ಚೆಂದ ಕೇಳಿಸಿದ್ದು ರಂಗದ ಮೇಲೆ ಓಡಾಡುತ್ತ ಹಾಡುವಾಗ ಉಸಿರು ಸಾಲದೆ ಮುರಿಯಬಹುದು. ಅದು ಗೊತ್ತಾಗುವುದು ಜನರ ಮುಂದೆ ನಿಂತಾಗಲೇ. ಬಂಧುಬಳಗವೇ ತುಂಬಿದ ವಾರ್ಷಿಕೋತ್ಸವದ ಕಛೇರಿ ಇದನ್ನು ಕಲಿಸದು; ಟಿಕೆಟ್ ಕೊಂಡು ಬಂದವರು ಮುಲಾಜು ನೋಡುವುದಿಲ್ಲ.

ಕೃತಿಯ ಆಯ್ಕೆಯಲ್ಲೂ ಜಾಣ್ಮೆಯಿದೆ. 2021ರಲ್ಲಿ ಎತ್ತಿಕೊಂಡದ್ದು ಹ್ಯಾಂಡೆಲ್‌ನ ಒಪೆರಾ ‘ಪಾರ್ತೆನೋಪೆ’ (1730). ಆರೇ ಪಾತ್ರ, ಆರು ಗಾಯಕರು. ಹಿಂದೆ ಸರಿದು ನಿಲ್ಲಲು ಯಾರಿಗೂ ಮೂಲೆಯಿಲ್ಲ. 2023ರಲ್ಲಿ ಸಂಯೋಜಕ ಪರ್ಸೆಲ್‌ನ ‘ದಿ ಫೇರಿ ಕ್ವೀನ್’ (1692). ಅದಕ್ಕೆ ಕುಣಿತ ಹೊಂದಿಸಿದವರು ಹಿಪ್‌ಹಾಪ್ ನೃತ್ಯದ ಮುರಾದ್ ಮೆರ್ಜೂಕಿ, ಹಾಡುವವರೂ ಮೈ ಬಳುಕಿಸಬೇಕಾಯಿತು! ತಿರೆಯ ತೋಟದ ಬಯಲಲ್ಲಿ ಆಡಿದ ಆ ಪ್ರಯೋಗ ಮರುವರ್ಷ ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಏರಿತು. ಬಯಲಲ್ಲಿ ದನಿಯನ್ನು ಗಾಳಿ ಒಯ್ಯುತ್ತದೆ, ದೊಡ್ಡ ಸಭಾಂಗಣದಲ್ಲಿ ಅದು ಹರಡಿಹೋಗುತ್ತದೆ. ಹಾಗಂತ ಕಿರುಚುವಂತಿಲ್ಲ: ಈ ಸಂಗೀತಕ್ಕೆ ನುಡಿಸುವ ಕರುಳಿನ ತಂತಿಯ ವಾದ್ಯಗಳ ನಾದ ಮೆದು, ಗಾಯಕರ ಅಬ್ಬರ ಅದನ್ನು ನುಂಗಿಹಾಕುತ್ತದೆ.

ದುಬಾರಿ ವಿದ್ಯೆ, ನಿಜ. ಆರೆಂಟು ಮಂದಿಗಾಗಿ ಇಡೀ ವಾದ್ಯವೃಂದ ಪ್ರಯಾಣಿಸಬೇಕು. ಆದರೆ ಇಲ್ಲಿ ಪಳಗಿದವರು ಹಳೆಯ ಸಂಗೀತಕ್ಕಷ್ಟೇ ಸೀಮಿತರಾಗಿಲ್ಲ. 2007ರ ತಂಡದಲ್ಲಿದ್ದ ಬಲ್ಗೇರಿಯಾದ ಸೋನ್ಯಾ ಯೊಂಚೆವಾ ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ನಂತರದ ಕಾಲದ ಸಂಯೋಜಕರಾದ ವರ್ದಿ, ಪುಚ್ಚೀನಿಯರ ನಾಯಕಿಯರಾಗಿ ಹಾಡಿದ್ದಾರೆ.