ಪೊಲೀಸ್ ಕೈಬಂದೂಕು: ರಿವಾಲ್ವರ್ ಮತ್ತು ಪಿಸ್ತೂಲು

ಅಮೆರಿಕದ ಪೊಲೀಸರ ಕರ್ತವ್ಯದ ಕೈಬಂದೂಕು ಬಹುಕಾಲ ರಿವಾಲ್ವರೇ ಆಗಿತ್ತು. ಅದರ ತಿರುಗುವ ಉರುಳೆಯಲ್ಲಿ ಸಾಮಾನ್ಯವಾಗಿ 6 ತೋಟಾಗಳಿರುತ್ತವೆ. ಒಂದು ಸಿಡಿಯದಿದ್ದರೆ ಟ್ರಿಗರನ್ನು ಮತ್ತೆ ಎಳೆದೊಡನೆ ಮುಂದಿನದು ನಳಿಗೆಯ ನೇರಕ್ಕೆ ಬರುತ್ತದೆ. ಅರೆ-ಸ್ವಯಂಚಾಲಿತ ಪಿಸ್ತೂಲಿನ ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಹೆಚ್ಚು ತೋಟಾಗಳು ಹಿಡಿಯುತ್ತವೆ, ಮರುಭರ್ತಿಯೂ ಶೀಘ್ರ. ಆದರೆ ತೋಟಾ ಸಿಕ್ಕಿಕೊಂಡರೆ ಬಿಡಿಸುವ ಅಭ್ಯಾಸ ಅಗತ್ಯ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಮಡಿದರು. ಕೈಗೆ ಗಾಯವಾದ ಇನ್ನೊಬ್ಬರಿಗೆ ರಿವಾಲ್ವರಿಗೆ ಮರಳಿ ತೋಟಾ ತುಂಬಲಾಗಲಿಲ್ಲ. ತರುವಾಯ ಸಂಸ್ಥೆಯು ಪಿಸ್ತೂಲನ್ನು ಆಯ್ದುಕೊಂಡಿತು. ಆದಾಗ್ಯೂ ಮಡಿದವರಿಬ್ಬರ ಬಳಿ ಇದ್ದುದು ಪಿಸ್ತೂಲುಗಳೇ. ಕಾಳಗವನ್ನು ಕೊನೆಗಾಣಿಸಿದ್ದು ಒಂದೇ ಕೈಯಿಂದ ಹೋರಾಡಿದ ಗಾಯಾಳು ಅಧಿಕಾರಿಯ ರಿವಾಲ್ವರ್. ಆದುದರಿಂದ ಆಯ್ಕೆಯಲ್ಲಿ ತೋಟಾಗಳ ಸಂಖ್ಯೆಯಷ್ಟೇ ಧರಿಸುವವರ ತರಬೇತಿಯೂ ಮುಖ್ಯವಾಗುತ್ತದೆ.